ಹಂಬಲವೆಂದುಕೊಂಡ ಸುಸ್ತು

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಚಿತ್ತಮ್ಮ ಗಂಡ ಉಗ್ರಪ್ಪನ ಜೊತೆ ಕುರಿ ಹೊಡೆದುಕೊಂಡು ಹೊರಡುತ್ತಿದ್ದಳು. ಹೊಸದುರ್ಗ ದಾಟಿ, ಹೊಳಲ್ಕೆರೆ ಕಡೆಯ ಬಯಲುಗಳಲ್ಲಿ ಮೇಯಿಸಿ, ಮುಂಗಾರಿಗೆ ಆದಿವಾಲಕ್ಕೆ ಮರಳುವುದು ಅವರ ರೂಢಿ. ಈ ಸಲ ಊರ ಹೊರಗಿನ ದಿಣ್ಣೆ ಹತ್ತುವಷ್ಟರಲ್ಲೇ ಅವಳು ಏದುಸಿರು ಬಿಡುತ್ತ ಕುಳಿತುಬಿಟ್ಟಳು.

"ನೀ ಮನೇಲಿರು. ಸುಧಾರಿಸ್ಕಂಡು ಬರುವಂತೆ," ಎಂದ ಉಗ್ರಪ್ಪ, ಒಲ್ಲದ ಮನಸ್ಸಿನಿಂದ ಮಂದೆಯ ಹಿಂದೆ ನಡೆದ.

ಮನೆಯಲ್ಲಿದ್ದರೂ ಸುಧಾರಿಸಲಿಲ್ಲ. ಒಂದು ಕೊಡ ನೀರು ತಂದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಊಟ ಸೇರದು, ಹಸಿ ಅಕ್ಕಿ ಮಾತ್ರ ಅಗಿಯುತ್ತಲೇ ಇರಬೇಕೆನ್ನುವ ಚಪಲ. ಸಂಜೆ ಉಗ್ರಪ್ಪ ಫೋನ್ ಮಾಡಿದರೆ ನಾಲ್ಕು ಮಾತಿಗೇ ತೂಕಡಿಕೆ ಬರುತ್ತಿತ್ತು.

"ಗಂಡನ ಹಂಬಲ ಕಣೇ ಇದು, ಮದ್ದಿಲ್ಲದ ಕಾಯಿಲೆ," ಎಂದು ಪಕ್ಕದ ಮನೆಯ ಕಾಳಕ್ಕ ನಕ್ಕಳು. ಚಿತ್ತಮ್ಮನೂ ಹಾಗೇ ನಂಬಿದಳು. ಹಂಬಲಕ್ಕೆ ಔಷಧಿ ಕೇಳಿಕೊಂಡು ಯಾರ ಹತ್ತಿರ ಹೋಗುವುದು?

ಒಂದು ದಿನ ಆಶಾ ಕಾರ್ಯಕರ್ತೆ ಲತಾ ಮನೆಗೆ ಬಂದವಳು ಅವಳ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇರಲಿಲ್ಲ.

"ಮುಟ್ಟು ಜಾಸ್ತಿ ಹೋಗ್ತೈತಾ ಅಕ್ಕ?"

"ಶಾನೆ ಹೋಗ್ತೈತೆ. ಹೋದ ವರ್ಷದಿಂದ ಹಿಂಗೇ."

"ಏಳಕ್ಕ, ಹಿರಿಯೂರಿಗೆ ಹೋಗಾಣ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಡಾಕ್ಟರ್ ಅನುಷಾ ಅವಳನ್ನು ಎದುರಿಗೆ ಕೂರಿಸಿಕೊಂಡರು. "ಹಿಮೋಗ್ಲೋಬಿನ್ ಹನ್ನೆರಡಾದ್ರೂ ಇರಬೇಕು ಚಿತ್ತಮ್ಮ. ನಿಮಗೆ ಏಳೈತೆ. ನೀವು ಎಳ್ಕಳ್ಳೋ ಉಸಿರಲ್ಲಿನ ಆಮ್ಲಜನಕಾನ ಮೈಗೆಲ್ಲ ಹೊತ್ಕಂಡು ಹೋಗೋದು ಅದೇ. ಅದು ಕಮ್ಮಿಯಾದ್ರೆ ಕೈಕಾಲಿಗೆ ಬಲ ಎಲ್ಲಿಂದ ಬರಬೇಕು? ಅದಕ್ಕೇ ಹಂಗೆ ಏದುಸಿರು ಬರೋದು."

ಚಿತ್ತಮ್ಮ ತಲೆ ತಗ್ಗಿಸಿ ಕೇಳಿದಳು: "ಹಂಗಾರೆ ಇದು ಯಜಮಾನ್ರ ಚಿಂತೆ ಅಲ್ವಾ, ಡಾಕ್ಟ್ರಮ್ಮ?"

"ಚಿಂತೆ ಇರಬಹುದು. ಆದ್ರೆ ಈ ಸುಸ್ತು ರಕ್ತ ಕಮ್ಮಿಯಾಗಿರೋದ್ರಿಂದ."

ಅತಿಯಾದ ಮುಟ್ಟಿಗೆ ಚಿಕಿತ್ಸೆ ಶುರುವಾಯಿತು. ಕಬ್ಬಿಣಾಂಶದ ಡ್ರಿಪ್ ಹಾಕಿದರು, ಆಮೇಲೆ ಮಾತ್ರೆ ಕೊಟ್ಟರು. ಮಾತ್ರೆಯ ಜೊತೆ ಟೀ ಕುಡಿಯಬೇಡಿ ಎಂದರು. ವಾರಗಳು ಕಳೆದಂತೆ ಮುದ್ದೆ ರುಚಿಸತೊಡಗಿತು, ಅಕ್ಕಿಯ ಚಪಲ ತಾನಾಗಿ ಬಿಟ್ಟುಹೋಯಿತು.

ಆದರೆ ಸುಸ್ತು ಇಳಿದ ಹಾಗೆ ಹಂಬಲ ಏರಿತು. ಇಷ್ಟು ದಿನ ಗಂಡನನ್ನು ನೆನೆಯುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಬೆಳಿಗ್ಗೆ ಒಲೆ ಹೊತ್ತಿಸಿದರೆ ಬಯಲಿನ ಮೂರು ಕಲ್ಲಿನ ಒಲೆ ನೆನಪಾಗುವುದು. ಅವನು ಕೆಮ್ಮುತ್ತ ಕಂಬಳಿ ಕೊಡವುವುದು, ಎಳೆ ಮರಿಯೊಂದನ್ನು ತಂದು ಅವಳ ಮಡಿಲಿಗೆ ಹಾಕುವುದು ಎಲ್ಲ ಕಣ್ಣ ಮುಂದೆ ಬರುತ್ತಿತ್ತು. ಅವನು ಫೋನಿಟ್ಟ ಮೇಲೂ ಅವಳು ತನ್ನದನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ.

ಮತ್ತೆ ಪರೀಕ್ಷೆ ಮಾಡಿದಾಗ ರಕ್ತ ಹತ್ತು ದಾಟಿತ್ತು. "ನಡೀಬೌದಾ ಡಾಕ್ಟ್ರಮ್ಮ?" ಎಂದಳು.

"ನಿಧಾನಕ್ಕೆ ನಡೀರಿ. ಮಾತ್ರೆ ಮಾತ್ರ ಬಿಡಬೇಡಿ."

ಮರುದಿನವೇ ಹೊಳಲ್ಕೆರೆಯ ಹಾದಿ ಹಿಡಿದಳು. ಬಸ್ಸಿಳಿದು, ಫೋನಿನಲ್ಲಿ ದಾರಿ ಕೇಳುತ್ತ, ಕಟಾವಾದ ಹೊಲಗಳ ನಡುವೆ ಹೊರಟಳು. ದೂರದಲ್ಲಿ ಮಂದೆ ಕಂಡಿತು. ಉಗ್ರಪ್ಪ ಕುರಿಗಳನ್ನು ಬಿಟ್ಟು ಎದುರಿಗೇ ಬಂದ.

"ರೋಡಿಂದ ನಡ್ಕಂಡೇ ಬಂದ್ಯಾ?"

"ಒಂದ್ ಕಡೆ ಕುಂತ್ಕಂಡೆ, ಆಮ್ಯಾಕೆ ಬಂದೆ."

ಅವನು ಅವಳ ಮುಖವನ್ನೇ ನೋಡುತ್ತ ನಿಂತ. "ನೀ ಫೋನ್ ಮಾಡೋವರ್ಗೂ, ಈ ಸಲ ಇನ್ನ ಬರಲ್ಲ ಅನ್ಕಂಡಿದ್ದೆ ಕಣೇ," ಎಂದು ಮೆಲ್ಲಗೆ ಹೇಳಿ ಚೀಲ ಇಸಿದುಕೊಂಡ. ಚಿತ್ತಮ್ಮ ಕಣ್ಣೊರೆಸಿಕೊಂಡು, ಪಕ್ಕದ ಹೊಲಕ್ಕೆ ನುಗ್ಗುತ್ತಿದ್ದ ಕುರಿಗಳನ್ನು ತಿರುಗಿಸಲು ನಡೆದಳು.