ಒಳಗಿನ ಹಸಿರು

"ತಗೋ, ಹಂದಿ ಗೂಡಿನ ಬೀಗದ ಕೈ," ಎಂದು ಅತ್ತೆ ಅದನ್ನು ಪ್ರಯೋಗಾಲಯದ ಮೇಜಿನ ಮೇಲೆ ಟಪ್ಪನೆ ಇಟ್ಟಳು. "ಉಳಿದಿರೋ ತಾಯಿ ಹಂದಿಗಳನ್ನ ಯಾರಿಗಾದ್ರೂ ಮಾರ್ಬಿಡು. ನನ್ನ ಕೈಲಿ ಇನ್ನಾಗಲ್ಲ."

ಅವಳ ಅಣ್ಣನ ಮಗಳು ಹಂದಿಗಳ ಕೊರೊನಾ ವೈರಸ್ ಮೇಲೆಯೇ ಸಂಶೋಧನೆ ಮಾಡುತ್ತಿದ್ದವಳು. ಅತ್ತೆಯ ಗೂಡಿನ ಮರಿಗಳೆಲ್ಲ ಭೇದಿಯಾಗಿ ಸತ್ತಾಗ ಕರುಳಿನ ಚೂರನ್ನು ತಾನೇ ತಂದು, ಆ ವೈರಸ್ಸನ್ನು ಇಲ್ಲಿ ಬೆಳೆಸಿದ್ದಳು. ಅತ್ತೆಯಂತೂ, ಪಾಪ, ಅಂದಿನಿಂದ ಅರ್ಧ ಆಗಿಬಿಟ್ಟಿದ್ದಳು. ಊಟಕ್ಕೆ ಕೂತರೂ ಅದೇ ಮಾತು, ಮಲಗಿದರೂ ಅದೇ ಮಾತು.

"ಸಾಯಂಕಾಲ ನೋಡ್ದಾಗ ಚೆನ್ನಾಗೇ ಇದ್ವು ಕಣೇ. ಒಂದರ ಮೇಲೊಂದು ಬಿದ್ದು ಹಾಲು ಕುಡೀತಿದ್ವು. ಬೆಳಿಗ್ಗೆ ಹೋದ್ರೆ... ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ?"

"ಬಾ ಇಲ್ಲಿ." ಅವಳು ಅತ್ತೆಗೆ ಮೊಣಕಾಲು ಮುಟ್ಟುವ ಬಿಳಿ ಕೋಟು ತೊಡಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಅದರಡಿ ಒಂದು ಪುಟ್ಟ ಗಾಜಿನ ತಟ್ಟೆ ಇಟ್ಟು, ಕೋಣೆಯ ದೀಪ ಆರಿಸಿದಳು. "ಇದು ನಾವು ಬಹಳ ವರ್ಷದಿಂದ ಸಾಕಿರೋ ವೈರಸ್ ತಳಿ. ಇದು ಹೊಕ್ಕ ಜೀವಕೋಶ ವೈರಸ್ಸಿನ ಪ್ರೋಟೀನನ್ನ ಮೈಮೇಲೇ ತೋರಿಸುತ್ತೆ. ನಾವು ಹಾಕಿರೋ ಬಣ್ಣ ಅದಕ್ಕೆ ಅಂಟ್ಕೊಳುತ್ತೆ."

"ಅಯ್ಯೋ, ಹಸಿರು ಬಳೆಗಳ ಥರ ಇದೆ!"

ಅವಳು ತಟ್ಟೆ ಬದಲಿಸಿದಳು. "ಈಗ ನೋಡು, ಇದು ನಿನ್ನ ಗೂಡಿಂದು."

"ಏನೂ ಇಲ್ವಲ್ಲೇ. ಬರೀ ಕತ್ತಲು."

ಅವಳು ಮೂರನೇ ತಟ್ಟೆ ಇಟ್ಟಳು. "ಇದೂ ನಿನ್ನದೇ. ಸೋಪಿನಂಥದ್ದು ಹಾಕಿ, ಕೋಶಕ್ಕೆ ತೂತು ಮಾಡಿ, ಬಣ್ಣ ಒಳಗೆ ಬಿಟ್ಟಿದೀನಿ."

ಅತ್ತೆ ಮತ್ತೆ ಬಗ್ಗಿ ನೋಡಿದಳು. ಪ್ರತಿಯೊಂದು ಕೋಶದ ಹೊಟ್ಟೆ ತುಂಬ ಹಸಿರು.

"ಒಳಗೆಲ್ಲ ತುಂಬ್ಕೊಂಡಿರುತ್ತೆ, ಹೊರಗೆ ಮಾತ್ರ ಏನೂ ತೋರಿಸಲ್ಲ. ರೋಗಾಣುನ ಹಿಡಿದು ಹಾಕೋಕೆ ಅಂತ ಮೈಯೊಳಗೆ ಕಾವಲಿರುತ್ತಲ್ಲ, ಅದಕ್ಕೂ ಇದು ಕಾಣಲ್ಲ."

"ಮರಿಗಳ ಮೈಗೇ ಗೊತ್ತಾಗ್ಲಿಲ್ಲ ಅಂತೀಯಾ?" ಅತ್ತೆ ತಲೆ ಎತ್ತಿ ಅವಳನ್ನೇ ನೋಡಿದಳು. "ಹಾಗಿದ್ಮೇಲೆ ನನಗೆ ಹೇಗೆ ಗೊತ್ತಾಗ್ಬೇಕಿತ್ತು ಹೇಳು?"

ಜೀವಕೋಶದ ಮಾತೇ ಬೇರೆ, ಹಂದಿಯ ಮಾತೇ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕಬಾರದು ಎಂಬ ಮಾತು ಅವಳ ನಾಲಿಗೆ ತುದಿಗೆ ಬಂತು. ಪ್ರಬಂಧದಲ್ಲಿ ಹೀಗೆ ಬರೆದಿದ್ದರೆ ಗೈಡು ಮುಖಕ್ಕೇ ಎಸೆಯುತ್ತಿದ್ದರು. ಆದರೆ ಅತ್ತೆಯ ಮುಖ ನೋಡಿ ಅವಳು ಆ ಮಾತನ್ನು ನುಂಗಿಕೊಂಡಳು.

"ಗೊತ್ತಾಗ್ತಿರಲಿಲ್ಲ ಅತ್ತೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

ಅತ್ತೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕೋಟಿನ ತೋಳಿಗೇ ಮೂಗೊರೆಸಿಕೊಂಡು, ಎರಡನೇ ತಟ್ಟೆಯನ್ನು ಮತ್ತೆ ಇಡಿಸಿಕೊಂಡು, ಆ ಕತ್ತಲನ್ನೇ ಬಹಳ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿ ಬಚ್ಚಿಟ್ಕೊಂಡಿದೆ ನೋಡು, ಮುಂಡೇದು!"

ಕಣ್ಣನ್ನು ಅಲ್ಲಿಂದ ಕೀಳದೆಯೇ, ಒಂದು ಕೈಯಿಂದ ಮೇಜನ್ನು ತಡಕಾಡಿ, ಬೀಗದ ಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು.