ಅತ್ತೆಯ ಮೂಗು, ಸೊಸೆಯ ಕೈ

ಆ ಮನೆಯಲ್ಲಿ ಅತ್ತೆ ಮೂಸಿ ನೋಡಿ "ಹೂಂ" ಅನ್ನದೆ ಹಿಂಡಿಯ ಒಂದು ಮೂಟೆಯೂ ಕೊಟ್ಟಿಗೆಗೆ ಹೋಗುತ್ತಿರಲಿಲ್ಲ. ಅಂಥ ಮೂಗು ಅವರದು; ಕೋಪವೂ ಅದರ ತುದಿಯಲ್ಲೇ ಇತ್ತೆನ್ನಿ. ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿ, ಹಿಂಡಿ ಕಲಸುವುದೂ ಅವರೇ. ಮಂಡಿನೋವು ಬಂದ ಮೇಲೆ ಹಾಲು ಕರೆಯುವುದನ್ನಷ್ಟೇ ಸೊಸೆಗೆ ಬಿಟ್ಟುಕೊಟ್ಟಿದ್ದರು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಗ್ರಹಚಾರ ನೋಡಿ, ಅವಳು ಕೈಯಿಟ್ಟಾಗಿನಿಂದಲೇ ಹಾಲು ಇಳಿಯತೊಡಗಿತು. ಹನ್ನೊಂದು ಹಸುಗಳೂ ತಿನ್ನುವುದನ್ನು ಅರ್ಧಕ್ಕೇ ಬಿಡುತ್ತಿದ್ದವು. ಸಗಣಿ ನೀರಾಯಿತು. ಎರಡಂತೂ ಬೆದೆಗೇ ಬರಲಿಲ್ಲ.

"ಕೈಗುಣ ಅಂತ ಒಂದಿರುತ್ತೆ ಕಣಮ್ಮ," ಅಂದರು ಅತ್ತೆ, ಪಕ್ಕದ ಮನೆಯಾಕೆಯ ಎದುರಿಗೇ. "ಸೋಮವಾರದಿಂದ ಕರೆಯೋಕೆ ಆಳಿಡ್ತೀನಿ. ನೀನು ಒಳಗಡೆ ನೋಡ್ಕೋ."

ಸೊಸೆ ಕೊಟ್ಟಿಗೆಗೆ ನಡೆದಳು. ಹಸುವಿನ ಪಕ್ಕೆಗೆ ಹಣೆ ಒತ್ತಿ ಚೆನ್ನಾಗಿ ಅತ್ತಳು.

ಭಾನುವಾರ ಮಧ್ಯಾಹ್ನ ಕೊಟ್ಟಿಗೆ ಗುಡಿಸುತ್ತಿದ್ದವಳಿಗೆ ಸೀದ ವಾಸನೆ ಬಡಿಯಿತು. ಓಡಿ ಬಂದು ನೋಡಿದರೆ ಒಲೆಯ ಮೇಲೆ ಹಾಲು ಉಕ್ಕಿ, ತಳ ಹತ್ತಿ ಕರಿಯಾಗಿದೆ. ಎರಡೇ ಮಾರು ದೂರದಲ್ಲಿ ಅತ್ತೆ ಒಲೆಗೆ ಬೆನ್ನು ಹಾಕಿ, ನೆಮ್ಮದಿಯಾಗಿ ಕಾಳು ಆರಿಸುತ್ತಿದ್ದಾರೆ!

"ಅತ್ತೆ, ಹಾಲು ಸೀದುಹೋಯ್ತು!"

"ಎಲ್ಲೇ? ವಾಸನೆನೇ ಇಲ್ವಲ್ಲ..." ಅಂದವರು ಥಟ್ಟನೆ ಬಾಯಿ ಮುಚ್ಚಿಕೊಂಡರು.

"ಎಷ್ಟು ದಿನದಿಂದ ಅತ್ತೆ?"

"ಆ ಹಾಳು ನೆಗಡಿ ಬಂದಾಗಿಂದ. ಎರಡು ತಿಂಗಳಾಯ್ತೇನೋ."

"ಮತ್ತೆ ಮೂಟೆ ಮೂಸ್ತಿದ್ರಲ್ಲ?"

"ಮೂಸದಿದ್ರೆ ನೀವೆಲ್ಲ ಏನಂದ್ಕೋತೀರ?"

ಸೊಸೆಗೆ ಎಷ್ಟು ಯತ್ನಿಸಿದರೂ ನಗು ತಡೆಯಲಾಗಲಿಲ್ಲ. ಬೀಗದ ಕೈ ಇಸಿದುಕೊಂಡು ಉಗ್ರಾಣ ತೆಗೆದಳು. ಗಪ್ಪೆಂದು ಮುಗ್ಗಲು ವಾಸನೆ. ಒದ್ದೆ ಗೋಡೆಗೆ ಒರಗಿದ್ದ ಮೂಟೆಗಳಲ್ಲಿ ಹಿಂಡಿ ಗಟ್ಟಿ ಕಟ್ಟಿತ್ತು; ಒಂದು ಹೆಂಟೆ ಬಾಗಿಲ ಬೆಳಕಿಗೆ ಹಿಡಿದರೆ, ಒಳಗಿನ ಕತ್ತಲಲ್ಲಿ ಕಣ್ಣಿಗೆ ಬೀಳದ ಹಸಿರು ಬೂಷ್ಟು ಮೇಲೆಲ್ಲ.

ದನದ ಡಾಕ್ಟರು ಬಂದು ಒಂದು ಹೆಂಟೆ ಮುರಿದು ನೋಡಿದರು. "ಬೂಷ್ಟಿನ ವಿಷ ಇದು. ಇದನ್ನ ತಿಂದೂ ಇಷ್ಟು ಹಾಲು ಕೊಟ್ಟಿದಾವಲ್ಲ, ಕರೆಯೋರನ್ನ ಮೆಚ್ಚಬೇಕು. ಎಲ್ಲಾ ಗುಂಡಿಗೆ ಹಾಕಿ. ಪರೀಕ್ಷೆ ಆಗೋವರೆಗೂ ಈ ಹಾಲು ಯಾರೂ ಕುಡೀಬೇಡಿ, ಮಾರಲೂಬೇಡಿ."

ಸೋಮವಾರ ಬಂದ ಆಳನ್ನು ಅತ್ತೆ ಬಾಗಿಲಿಂದಲೇ ವಾಪಸು ಕಳಿಸಿದರು. ಏಕೆಂದು ಮಾತ್ರ ಹೇಳಲಿಲ್ಲ.

ಹೊಸ ಹಿಂಡಿ ಬಂತು. ಹಸುಗಳು ಬಾನಿ ನೆಕ್ಕಿ ಇನ್ನೂ ಬೇಕೆಂದು ಕೂಗತೊಡಗಿದವು. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಮೂರನೆಯ ವಾರ ನೊರೆ ಬಕೆಟ್ಟಿನ ಕಂಠಕ್ಕೆ ಬಂದಾಗ ಪಕ್ಕದ ಮನೆಯಾಕೆ ಗೇಟಿನಲ್ಲಿ ಹಾಜರ್.

"ಭಾರಿ ಹಾಲಂತೆ! ಕರೆಯೋಕೆ ಯಾರನ್ನ ಇಟ್ಕೊಂಡ್ರಿ?"

ಅತ್ತೆ ಬೀದಿಗೆಲ್ಲ ಕೇಳುವಂತೆ ಗಂಟಲು ಏರಿಸಿದರು. "ಯಾರನ್ನೂ ಇಲ್ಲ ಕಣ್ರೀ! ಎರಡು ತಿಂಗಳು ಬೂಷ್ಟು ತಿನ್ನಿಸಿದ್ದು ನಾನು, ಅನ್ನಿಸ್ಕೊಂಡಿದ್ದು ನನ್ನ ಸೊಸೆ. ಹೋಗಿ ಎಲ್ರಿಗೂ ಹೇಳಿ!"

ಒಳಗೆ ಕರೆಯುತ್ತಿದ್ದ ಸೊಸೆಗೆ ಸಂತೋಷಕ್ಕೆ ಕಣ್ಣು ಮಂಜಾಯಿತು. ಕೈ ಮಾತ್ರ ನಿಲ್ಲಲಿಲ್ಲ.