ಕೊನೆಯ ಆಟದ ಹೂವು

ಬಣ್ಣದ ಕೋಣೆಗೆ ಕಾಲಿಟ್ಟವಳಿಗೆ ಕನ್ನಡಿಯ ಮುಂದೆ ಕೆಂಪು ಕಾರ್ನೇಷನ್ ಹೂಗುಚ್ಛ ಕಂಡಿತು. ಎದೆ ಧಸಕ್ಕೆಂದಿತು. ತಕ್ಷಣ ಬಾಗಿಲು ಹಾಕಿ ಚಿಲಕ ಸೇರಿಸಿದೆ.

ನಮ್ಮ ರಂಗಮಂದಿರದೊಳಗೆ ಆ ಹೂವಿನ ಹೆಸರನ್ನೂ ಯಾರೂ ಎತ್ತುವುದಿಲ್ಲ. ವರ್ಷದ ಕೊನೆಯ ಆಟದ ದಿನ ಕಂಪನಿಯ ಯಜಮಾನರು ನಟಿಯರಿಗೆ ಹೂವು ಕಳಿಸುತ್ತಾರೆ. ಗುಲಾಬಿ ಬಂದರೆ ಮುಂದಿನ ವರ್ಷವೂ ಕೆಲಸ ಉಂಟು. ಕಾರ್ನೇಷನ್ ಬಂದರೆ ಗಂಟುಮೂಟೆ ಕಟ್ಟಬೇಕು. ಬಾಯಿಬಿಟ್ಟು ಹೇಳಿದರೆ ಅಸಭ್ಯತನವಂತೆ! ಕತ್ತು ಕೊಯ್ಯುವುದಕ್ಕೂ ರಿಬ್ಬನ್ ಕಟ್ಟಬೇಕು ನಮ್ಮ ಜನಕ್ಕೆ. ಅಷ್ಟೇ ಅಲ್ಲ, ಯಾವ ಹೂವೇ ಬರಲಿ, ಆಟ ಮುಗಿದ ಮೇಲೆ ಯಜಮಾನರ ಎದುರು ನಿಂತು ನಗುನಗುತ್ತಾ ವಂದನೆ ಹೇಳಬೇಕು.

ನನಗೆ ಐವತ್ತು ದಾಟಿದೆ. ಈ ರಂಗದ ಮೇಲೆ ಪ್ರೇಯಸಿಯಾದೆ, ತಾಯಿಯಾದೆ, ಈಗ ಗೊಣಗುವ ಅತ್ತೆಯಾಗಿದ್ದೇನೆ. ಈ ವಯಸ್ಸಿನವಳಿಗೆ ಇನ್ಯಾವ ಊರಿನ ಕಂಪನಿ ಬಾಗಿಲು ತೆರೆದೀತು? ಬಣ್ಣ ಹಚ್ಚುವುದು ಬಿಟ್ಟರೆ ನನಗೆ ಒಂದು ಕೆಲಸವೂ ಬಾರದು. ಸೂಪು ಮಾಡಿದರೂ ಸೀದು ಹೋಗುತ್ತದೆ. ಕೈ ಎಷ್ಟು ನಡುಗಿತೆಂದರೆ ಹುಬ್ಬು ತಿದ್ದಲು ಹೋಗಿ ಹಣೆಯವರೆಗೆ ಗೀರು ಎಳೆದುಕೊಂಡೆ.

ಆಗಲೇ ಪಕ್ಕದ ಕೋಣೆಯಿಂದ ಕ್ಲೋತಿಲ್ದ್ ಗೋಡೆ ಬಡಿದಳು. ಇಪ್ಪತ್ತು ವರ್ಷದಿಂದ ನನ್ನ ಜೊತೆ ಜಗಳವಾಡುತ್ತಾ ನಟಿಸಿದವಳು ಅವಳು.

"ಲೆಯೊಂತಿನ್, ಹೂವು ಬಂತೇನೇ?"

"ಬಂತು ಕಣೆ."

"ಯಾವುದು?"

"ನಿನಗೆ ಯಾವುದು ಬಂತೋ ಅದೇ!" ಎಂದು ಗದರಿದೆ. ಇವಳಿಗೆ ಗೊತ್ತಾಗಿದೆ, ಪಾಪ ಅಂತ ಸುಮ್ಮನಾದಳು ಎಂದುಕೊಂಡೆ. ಗುಚ್ಛವನ್ನು ಉಡುಪಿನ ಪೆಟ್ಟಿಗೆಗೆ ತುರುಕಿ ಮುಚ್ಚಳ ಅದುಮಿದೆ.

ಆಟ ನಗೆನಾಟಕ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನನಗೆ ಮಾತ್ರ ಬೆನ್ನಿನ ಮೇಲೆ ತಣ್ಣನೆ ಬೆವರು. ಕ್ಲೋತಿಲ್ದ್ ಎರಡು ಸಲ ಮಾತು ಮರೆತಳು. ನಾಯಕಿ ಪಾತ್ರದ ಹುಡುಗಿ ಸಬೀನ್ ಮದುವೆಯ ದೃಶ್ಯದಲ್ಲಿ ನಿಜವಾಗಿಯೇ ಅತ್ತುಬಿಟ್ಟಳು. ಇಬ್ಬರೂ ನನ್ನ ಮುಖ ನೋಡಲಿಲ್ಲ. ನನ್ನ ಸುದ್ದಿ ಎಲ್ಲರಿಗೂ ಮುಟ್ಟಿದೆ ಎಂದುಕೊಂಡೆ. ಪರದೆ ಬಿದ್ದಾಗ ಈ ಚಪ್ಪಾಳೆ ನನ್ನ ಪಾಲಿಗೆ ಕೊನೆಯದು ಅನ್ನಿಸಿತು.

ಬಣ್ಣ ಒರೆಸುತ್ತಾ ಕೂತಿದ್ದೆ. ಕ್ಲೋತಿಲ್ದ್ ಕ್ರೀಮು ಕೇಳುವ ನೆಪದಲ್ಲಿ ಒಳಗೆ ಬಂದವಳು ಪೆಟ್ಟಿಗೆಯ ಸಂದಿಯನ್ನೇ ನೋಡುತ್ತಾ ನಿಂತಳು. ಒಂದು ಕೆಂಪು ಹೂವು ಹೊರಗೆ ಇಣುಕಿತ್ತು.

"ನಿನಗೂನಾ?" ಅಂದಳು.

"ನನಗೂ ಅಂದ್ರೆ?"

ಓಡಿಹೋಗಿ ತನ್ನ ಕೋಟಿನಡಿ ಮುಚ್ಚಿಟ್ಟಿದ್ದನ್ನು ತಂದಳು. ಅದೇ ಹೂವು, ಅದೇ ರಿಬ್ಬನ್! ಇಬ್ಬರೂ ಸಬೀನ್ ಕೋಣೆಗೆ ನುಗ್ಗಿದೆವು. ಹುಡುಗಿ ತನ್ನ ಕಾರ್ನೇಷನ್ ಗುಚ್ಛವನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತಿದ್ದಳು.

"ಅಯ್ಯೋ, ಇದು ಯಜಮಾನರ ಹೊಸ ಹೆಂಡತಿ ಕೆಲಸ ಕಣ್ರೇ!" ಎಂದು ಕ್ಲೋತಿಲ್ದ್ ಬಿದ್ದು ಬಿದ್ದು ನಕ್ಕಳು. "ಮೂವರನ್ನೂ ತೆಗೆದರೆ ಆಟ ಆಡೋರ್ಯಾರು? ಈ ಸಲ ಹೂವು ತರಿಸಿದ್ದು ಅವಳೇ. ಮಿಠಾಯಿ ಅಂಗಡಿಯವರ ಮಗಳಿಗೆ ನಾಟಕದವರ ರೀತಿ ಏನು ಗೊತ್ತು? ಬೇಗ ಬಾಡಲ್ಲ ಅಂತ ತಂದಿರ್ತಾಳೆ!"

"ನನ್ನ ಅರ್ಧ ಜೀವ ತೆಗೆದಳಲ್ಲೇ, ಹಾಳಾದವಳು!" ಅಂದೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಯಜಮಾನರನ್ನು ಚೆನ್ನಾಗಿ ಗೋಳು ಹೊಯ್ದುಕೊಳ್ಳೋಣ ಎಂದು ಗುಚ್ಛ ಹಿಡಿದು ಮೂವರೂ ಹೊರಟೆವು.

ಯಜಮಾನರಾದ ಮೊಸ್ಯೂ ಗಾರಿಗು ರಂಗದ ಮೇಲೆ ಒಬ್ಬರೇ ನಿಂತು ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು.

"ಮೊಸ್ಯೂ, ನಿಮ್ಮ ಮನೆಯವರಿಗೆ ನಮ್ಮ ರೂಢಿ ಸ್ವಲ್ಪ ಹೇಳಿಕೊಡಿ," ಎಂದೆ ನಗುತ್ತಾ. "ನಾವು ಮೂವರೂ ಭಯದಲ್ಲೇ ಸತ್ತಿದ್ದೆವು."

ಅವರು ನಗಲಿಲ್ಲ. ಟೊಪ್ಪಿ ತೆಗೆದು ಕೈಯಲ್ಲಿ ತಿರುಗಿಸಿದರು.

"ಅವಳು ಗುಲಾಬಿನೇ ತರ್ತೀನಿ ಅಂದಳು. ನಾನೇ ಬೇಡ ಅಂದೆ. ಮಾತಾಡೋ ಸಿನಿಮಾದವರು ಈ ಮಂದಿರ ಕೊಂಡಿದಾರೆ. ಇನ್ನು ಇಲ್ಲಿ ಬಿಳಿ ಪರದೆ ಕಟ್ಟುತ್ತಾರೆ. ನಿಮ್ಮ ಮುಖ ನೋಡಿ ಹೇಳೋಕೆ ಧೈರ್ಯ ಆಗಲಿಲ್ಲಮ್ಮ."

ಸಬೀನ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಹೋದ ಭಯವೆಲ್ಲ ಮರಳಿ ಬಂತು. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಟೊಪ್ಪಿ ತಿರುಗಿಸುತ್ತಿದ್ದ ಅವರ ಬೆರಳುಗಳು ನನ್ನ ಬೆರಳಿಗಿಂತ ಹೆಚ್ಚು ನಡುಗುತ್ತಿದ್ದವು.

"ಮುಂದೆ ನೀವೇನು ಮಾಡ್ತೀರಿ?" ಎಂದೆ.

"ಗೊತ್ತಿಲ್ಲ."

ನನ್ನ ಗುಚ್ಛದಿಂದ ಒಂದು ಹೂವು ಮುರಿದೆ.

"ನಿಮಗೆ ಯಾರೂ ಕಳಿಸಿಲ್ಲವಲ್ಲ," ಎಂದು ಅವರ ಕೋಟಿಗೆ ಸಿಕ್ಕಿಸಿದೆ.

ಅವರು ನಗಲು ಪ್ರಯತ್ನಿಸುತ್ತಾ ನನಗೆ ವಂದನೆ ಹೇಳಿದರು.